ಪಹಣಿ ಬದಲಾದರೂ ಪುಟದ ವೇಷ ಮತ್ತೆ ಮತ್ತೆ ಬರಬೇಕೆ?

ವಿಜಯಪುರ: 2000ದಲ್ಲಿ ‘ಭೂಮಿ’ ಯೋಜನೆ ಆರಂಭವಾದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ರೈತರು ಪಹಣಿಗಾಗಿ, ಅಂದರೆ ಈ ಭಾಗದವರು ಹೇಳುವ ಉತಾರಕ್ಕಾಗಿ, 15 ರೂಪಾಯಿ ಹಿಡಿದು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಇಂದು ಅದನ್ನು ಮೊಬೈಲ್‌ನಲ್ಲೇ ನೋಡಬಹುದು. ಆದರೆ ಸಿಗ್ನಲ್ ಕ್ಷೀಣವಾಗಿರುವ ಹೊಲದ ಬದುವಿನಲ್ಲಿ ಇಂತಹ ಪುಟ ತೆರೆಯುವುದೋ ಇಲ್ಲವೋ ಎಂಬುದು ಅದನ್ನು ಕಟ್ಟಿದವರ ಜಾಣ್ಮೆಯನ್ನೂ ಅವಲಂಬಿಸಿದೆ.

ಕೇಳಿದಾಗಲೆಲ್ಲ ಹೊಸದಾಗಿ ಸಿದ್ಧವಾಗುವ ಪುಟವಿದು. ಸರ್ವೆ ನಂಬರ್ ಬದಲಾದರೆ ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ ಎಲ್ಲವೂ ಬದಲಾಗುತ್ತವೆ. ಬದಲಾಗದಿರುವುದು ಎರಡು: ಬಣ್ಣ ಹಾಗೂ ಅಕ್ಷರದ ಗಾತ್ರವನ್ನು ನಿರ್ಧರಿಸುವ ಸ್ಟೈಲ್‌ಶೀಟ್, ಆಯ್ಕೆಯ ಪಟ್ಟಿಗಳನ್ನು ನಡೆಸುವ ಸ್ಕ್ರಿಪ್ಟ್. ಇವನ್ನು ಪುಟದೊಳಗೇ ತುರುಕಿದರೆ, ಹತ್ತು ಸರ್ವೆ ನಂಬರ್ ನೋಡಿದವರು ಅದೇ ಸಾಮಗ್ರಿಗೆ ಹತ್ತು ಸಲ ಡೇಟಾ ತೆರಬೇಕಾಗುತ್ತದೆ. ಪ್ರತ್ಯೇಕ ಕಡತಗಳನ್ನಾಗಿಸಿ, ‘ಒಂದು ವರ್ಷ ಇಟ್ಟುಕೊ’ ಎಂದು ಸರ್ವರ್ ಸೂಚಿಸಿದರೆ ಬ್ರೌಸರ್ ಮೊದಲ ಸಲ ತಂದದ್ದನ್ನೇ ಬಳಸುತ್ತದೆ. ಈ ಅವಧಿಯನ್ನು ಸೆಕೆಂಡುಗಳಲ್ಲಿ ಬರೆಯುವುದು ವಾಡಿಕೆ: 31536000.

ತೊಡಕು ಇರುವುದೂ ಇಲ್ಲಿಯೇ. 2017ರ ರಾಜ್ಯ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕುಗಳು ಘೋಷಣೆಯಾದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ನಿಡಗುಂದಿ ಹಾಗೂ ಕೊಲ್ಹಾರ ಬೇರ್ಪಟ್ಟವು. ತಾಲ್ಲೂಕುಗಳ ಪಟ್ಟಿ ಸ್ಕ್ರಿಪ್ಟ್ ಕಡತದಲ್ಲಿದ್ದು, ಹಳೆಯ ಪ್ರತಿ ಮೊಬೈಲ್‌ನಲ್ಲಿ ವರ್ಷವಿಡೀ ಕುಳಿತಿದ್ದರೆ ಚಡಚಣದ ರೈತನಿಗೆ ತನ್ನ ತಾಲ್ಲೂಕೇ ಕಾಣದು. ಪಟ್ಟಿ ತಿದ್ದಿದ ಸಿಬ್ಬಂದಿಯ ಕಂಪ್ಯೂಟರ್‌ನಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ. ದೂರು ಅರ್ಥವಾಗದಿರುವುದೂ ಇದೇ ಕಾರಣಕ್ಕೆ.

ಪರಿಹಾರ ಕಡತದ ಹೆಸರಿನಲ್ಲಿದೆ. ಒಳಗಿನ ಬರಹವನ್ನು ಲೆಕ್ಕ ಹಾಕಿ ಬಂದ ಸಂಕೇತವನ್ನು, ಹೆಬ್ಬೆಟ್ಟಿನ ಗುರುತಿನಂತೆ, ಹೆಸರಿಗೆ ಸೇರಿಸಲಾಗುತ್ತದೆ. ಒಂದಕ್ಷರ ತಿದ್ದಿದರೂ ಹೆಸರು ಬದಲಾಗುತ್ತದೆ. ಪುಟ ಪ್ರತಿ ಸಲವೂ ಹೊಸದಾಗಿ ಬರುವುದರಿಂದ ಹೊಸ ಹೆಸರನ್ನೇ ಹೇಳುತ್ತದೆ. ಆ ಹೆಸರಿನ ಕಡತ ತನ್ನಲ್ಲಿಲ್ಲದ ಕಾರಣ ಬ್ರೌಸರ್ ತರಿಸಿಕೊಳ್ಳುತ್ತದೆ. 2011ರಲ್ಲಿ ‘ರೂಬಿ ಆನ್ ರೈಲ್ಸ್’ 3.1ನೇ ಆವೃತ್ತಿ ಈ ಕೆಲಸವನ್ನು ತಾನಾಗಿಯೇ ಮಾಡತೊಡಗಿತು. ಹಳೆಯ ಕಡತಗಳನ್ನು ಮಾತ್ರ ಕೆಲ ದಿನ ಅಳಿಸಬಾರದು. ಅದಾಗಲೇ ಪುಟ ತೆರೆದುಕೊಂಡವರು ಹಳೆಯ ಹೆಸರನ್ನೇ ಕೇಳುತ್ತಿರುತ್ತಾರೆ.

ಕನ್ನಡಕ್ಕೆ ಇನ್ನೊಂದು ಹೊರೆಯುಂಟು. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು; ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. ‘ಇಂಡಿ’ ಎಂಬ ಪುಟ್ಟ ಹೆಸರಿಗೇ 12. ಊರುಗಳ ಹೆಸರು ತುಂಬಿದ ಸ್ಕ್ರಿಪ್ಟನ್ನು ಜಿಜಿಪ್ ಅಥವಾ 2016ರಲ್ಲಿ ವಿವರಣೆ ಪ್ರಕಟವಾದ ಬ್ರೋಟ್ಲಿ ವಿಧಾನದಿಂದ ಕುಗ್ಗಿಸಿದರೆ ಈ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಬದಲಾಗದ ಕಡತವನ್ನು ಒಮ್ಮೆ ಕುಗ್ಗಿಸಿಟ್ಟರೆ ಸಾಕು, ಕೇಳಿದಾಗಲೆಲ್ಲ ಸರ್ವರ್ ದುಡಿಯಬೇಕಿಲ್ಲ.

ಲಾಗಿನ್ ಆಗಿ ನೋಡುವ ಪುಟಗಳಿಗೆ ಈ ದೀರ್ಘಾವಧಿ ಸಲ್ಲದು. ಸೈಬರ್ ಕೇಂದ್ರದ ಕಂಪ್ಯೂಟರ್‌ನಲ್ಲಿ ಉಳಿಯಬೇಕಾದದ್ದು ಪುಟದ ಬಣ್ಣವೇ ಹೊರತು ರೈತನ ಬ್ಯಾಂಕ್ ಖಾತೆಯ ವಿವರವಲ್ಲ.