ಬೆಕ್ಕಿರುವ ಮನೆಗೆ ಬಂದ ನಾಲ್ಕು ಕೋಳಿಗಳು

“ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?” ಎಂಬ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದವರೇ. ಮಂಗಲ್ಪಾಡಿಯ ನಮ್ಮ ಮನೆಯಲ್ಲೂ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಕೋಳಿ ಪದಾರ್ಥ ಆಗುವುದುಂಟು. ಅದಕ್ಕಾಗಿ ಯಾವ ಕೋಳಿಯ ಅಭಿಪ್ರಾಯವನ್ನೂ ನಾವು ಕೇಳಿದವರಲ್ಲ. ಹಾಗಿರುವಾಗ ಮಾಂಸದಂಗಡಿಗೆ ಹೋಗಬೇಕಾಗಿದ್ದ ನಾಲ್ಕು ಕೋಳಿಗಳನ್ನು ಸಾಕಲಿಕ್ಕೆಂದು ಮನೆಗೆ ತಂದದ್ದು ನಮಗೇ ಒಂದು ಆಶ್ಚರ್ಯ. ಅದೂ ಎರಡು ಬೆಕ್ಕುಗಳಿರುವ ಮನೆಗೆ!

ಪರಿಚಯದವರೊಬ್ಬರು ತಮ್ಮ ಮೊಟ್ಟೆಕೋಳಿಯ ಸಣ್ಣ ಶೆಡ್ಡನ್ನು ಮುಚ್ಚುವವರಿದ್ದರು. ಮಕ್ಕಳೊಂದಿಗೆ ಅಲ್ಲಿಗೆ ಹೋಗಿದ್ದಾಗ ಚಿಕ್ಕ ಮಗಳು ಕಂಬಿಗಳ ಮುಂದೆ ನಿಂತು, “ಮಮ್ಮಿ, ಇದಕ್ಕೆ ತಿರುಗ್ಲಿಕ್ಕೂ ಜಾಗ ಇಲ್ಲ” ಎಂದಳು. ಮರುದಿನ ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸಂಜೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ಬಿಳಿ ಕೋಳಿಗಳು ನಮ್ಮ ಅಂಗಳಕ್ಕೆ ಬಂದವು. ಅತ್ತೆಯವರು ಪೆಟ್ಟಿಗೆಯೊಳಗೆ ಇಣುಕಿ, “ಎಂತ ಇದು ಮಾರಾಯ್ತಿ, ಬೆಕ್ಕುಗಳಿಗೆ ಹಬ್ಬದೂಟ ಮಾಡ್ಲಿಕ್ಕಾ?” ಎಂದು ಕೇಳಿದರು. ಕರಿಯ ಮತ್ತು ಮಿನ್ನು ಎಂಬ ನಮ್ಮ ಬೆಕ್ಕುಗಳೆರಡೂ ಆಗಲೇ ಜಗಲಿಯ ತುದಿಯಲ್ಲಿ ಹಾಜರಾಗಿದ್ದವು.

ಒಂದು ಹಾಳೆಗಿಂತ ಕಿರಿದಾದ ಬದುಕು

ಮೊಟ್ಟೆಗಾಗಿ ಸಾಕುವ ಲೆಗಾರ್ನ್ ಕೋಳಿ ಹದಿನೆಂಟು-ಇಪ್ಪತ್ತು ವಾರಗಳಲ್ಲಿ ಮೊಟ್ಟೆ ಇಡತೊಡಗುತ್ತದೆ. ವರ್ಷಕ್ಕೆ ಮುನ್ನೂರರ ಆಸುಪಾಸು ಮೊಟ್ಟೆ. ಸುಮಾರು ಒಂದೂವರೆ ವರ್ಷ ಪ್ರಾಯವಾಗುವಾಗ ಮೊಟ್ಟೆ ಕಡಿಮೆಯಾಗುತ್ತದೆ, ತಿನ್ನುವ ಆಹಾರದ ಖರ್ಚು ಹುಟ್ಟುವುದಿಲ್ಲ. ಆಗ ಅದನ್ನು ಮಾಂಸಕ್ಕೆ ಮಾರುತ್ತಾರೆ. ಸಹಜವಾಗಿ ಬಿಟ್ಟರೆ ಕೋಳಿ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕಬಲ್ಲದು.

ನಮ್ಮ ದೇಶದ ಸಾಮಾನ್ಯ ಕಂಬಿಗೂಡುಗಳಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸುಮಾರು 450 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ-4 ಹಾಳೆಯೇ 623 ಚದರ ಸೆಂಟಿಮೀಟರ್ ಇರುತ್ತದೆ! ಅಷ್ಟರಲ್ಲಿ ರೆಕ್ಕೆ ಬಿಡಿಸಲಾಗದು, ಮಣ್ಣು ಕೆದಕಲಾಗದು. ಈ ಬಗ್ಗೆ ಭಾರತದ ಕಾನೂನು ಆಯೋಗವು 2017ರ ಜುಲೈಯಲ್ಲಿ ತನ್ನ 269ನೇ ವರದಿಯನ್ನು ಸರಕಾರಕ್ಕೆ ಕೊಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 2012ರ ಜನವರಿ 1ರಿಂದ ಇಂತಹ ಬರಿಗೂಡುಗಳಿಗೆ ನಿಷೇಧವಿದೆ. ಇಂಗ್ಲೆಂಡಿನಲ್ಲಿ ಜೇನ್ ಹೋವರ್ತ್ ಎಂಬ ಮಹಿಳೆ 2005ರಲ್ಲಿ ಒಂದು ಸಂಸ್ಥೆ ಕಟ್ಟಿ, ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಮನೆಮನೆಗೆ ಸಾಕಲು ಕೊಡಲಾರಂಭಿಸಿದರು. ಹಾಗೆ ಮನೆ ಕಂಡ ಕೋಳಿಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ.

ನಮ್ಮ ನಾಲ್ಕು ಕೋಳಿಗಳ ಕುತ್ತಿಗೆಯಲ್ಲಿ ಪುಕ್ಕವಿರಲಿಲ್ಲ. ಕೊಕ್ಕಿನ ತುದಿ ಕತ್ತರಿಸಲ್ಪಟ್ಟಿತ್ತು. ಜುಟ್ಟು ಬಿಳಿಚಿಕೊಂಡು ಒಂದು ಬದಿಗೆ ಬಾಗಿತ್ತು. ಪೆಟ್ಟಿಗೆ ತೆರೆದರೂ ಹೊರಗೆ ಬರಲಿಲ್ಲ. ಮಣ್ಣಿನ ಮೇಲೆ ಇಟ್ಟರೆ ಒಂದು ಕಾಲೆತ್ತಿ ನಿಂತವು, ಬಿಸಿ ಹಂಚಿನ ಮೇಲೆ ನಿಂತ ಹಾಗೆ. ಮೂರನೇ ದಿನ ಒಂದು ಕೋಳಿ ತೆಂಗಿನ ಬುಡದ ಒಣಮಣ್ಣಿನಲ್ಲಿ ಹೊರಳಿ ಧೂಳುಸ್ನಾನ ಮಾಡಿತು. ಯಾರೂ ಕಲಿಸಿರಲಿಲ್ಲ. “ಅದಕ್ಕೆ ನೆನಪುಂಟು!” ಎಂದು ಮಗಳು ಕುಣಿದಾಡಿದಳು. ತಿಂಗಳಾಗುವಷ್ಟರಲ್ಲಿ ಜುಟ್ಟು ಕೆಂಪಾಗತೊಡಗಿತು.

ಜಾಲರಿಯ ಆಚೆ-ಈಚೆ

ಬೆಕ್ಕುಗಳ ವಿಷಯದಲ್ಲಿ ಮೃಗಾಸ್ಪತ್ರೆಯ ವೈದ್ಯರು ಕೊಟ್ಟ ಸಲಹೆ ಸರಳವಾಗಿತ್ತು: ಅವಸರ ಮಾಡಬೇಡಿ. ಬೆಳೆದ ಕೋಳಿಯ ಮೇಲೆ ಬೆಕ್ಕು ಹಾರುವುದು ಅಪರೂಪ. ಗಾತ್ರ ಹೆಚ್ಚು, ರೆಕ್ಕೆ ಬಡಿಯುತ್ತದೆ, ಕುಕ್ಕುತ್ತದೆ. ಆದರೆ ಗೂಡಿನಿಂದ ಬಂದ ಕೋಳಿಗೆ ಓಡಲೂ ಗೊತ್ತಿಲ್ಲ, ಹೆದರಿಸಲೂ ಗೊತ್ತಿಲ್ಲ. ಓಡಿದರೆ ಮಾತ್ರ ಬೆಕ್ಕಿನೊಳಗಿನ ಬೇಟೆಗಾರ ಎಚ್ಚರವಾಗುತ್ತಾನೆ.

ಮೊದಲ ಹದಿನೈದು ದಿನ ಕೋಳಿಗಳು ಜಾಲರಿಯ ಒಳಗೆ, ಬೆಕ್ಕುಗಳು ಹೊರಗೆ. ಕರಿಯ ಎರಡು ದಿನ ಬಾಲ ಆಡಿಸುತ್ತಾ ಹೊಂಚು ಹಾಕಿ ಕುಳಿತ. ಮೂರನೇ ದಿನ ಮೂತಿಯನ್ನು ಜಾಲರಿಗೆ ತಾಗಿಸಿದ್ದೇ ತಡ, ಒಳಗಿನಿಂದ ಮೂಗಿಗೆ ಒಂದು ಕುಕ್ಕು ಬಿತ್ತು. ಆಮೇಲೆ ಅವನು ಗೂಡಿನ ಹತ್ತಿರ ಹೋಗುವಾಗ ಬೇರೆ ಕಡೆ ನೋಡುತ್ತಾ ಹೋಗುತ್ತಿದ್ದ. ಮಿನ್ನುವಿಗೆ ಮಾತ್ರ ಆಸಕ್ತಿ ಹೋಗಿರಲಿಲ್ಲ. ಗಂಟೆಗಟ್ಟಲೆ ಗೂಡಿನೆದುರು ಕುಳಿತಿರುತ್ತಿತ್ತು.

ತಪ್ಪು ಯಾರದು?

ಒಂಬತ್ತನೇ ದಿನ ರಾತ್ರಿ ನೆರೆಮನೆಯ ಜಪಸರ ಪ್ರಾರ್ಥನೆ ಮುಗಿಸಿ ಬರುವಾಗ ತಡವಾಗಿತ್ತು. ಜೋರು ಮಳೆ. ಕೊಡೆ ಹಿಡಿದುಕೊಂಡೇ ಗೂಡಿನ ಬಾಗಿಲು ಎಳೆದೆ. ಚಿಲಕ ಹಾಕಿದೆನೆಂದು ಭಾವಿಸಿ ಒಳಗೆ ಬಂದೆ.

ಬೆಳಗ್ಗೆ ಒಂದು ಕೋಳಿ ಸತ್ತು ಬಿದ್ದಿತ್ತು. ಕುತ್ತಿಗೆಯಲ್ಲಿ ಗಾಯ, ಸುತ್ತಲೂ ಪುಕ್ಕ. ಹತ್ತಿರದಲ್ಲೇ ಮಿನ್ನು ಕುಳಿತಿತ್ತು. ಇನ್ನೇನು ಸಾಕ್ಷಿ ಬೇಕು? ನಮ್ಮವರು ಕೋಲೆತ್ತಿದರು, ನಾನೂ ತಡೆಯಲಿಲ್ಲ. ಬೆನ್ನಿಗೆ ಒಂದು ಏಟು ತಿಂದು ಮಿನ್ನು ಹಿತ್ತಿಲು ದಾಟಿ ಓಡಿಹೋಯಿತು.

ಮಗಳು ಅಳುತ್ತಾ ಹೇಳಿದಳು: “ಮಮ್ಮಿ, ಮಿನ್ನು ರಾತ್ರಿಯಿಡೀ ನನ್ನ ಮಂಚದ ಅಡಿಯಲ್ಲಿ ಇತ್ತು. ನೀವು ಬೆಳಗ್ಗೆ ಬಾಗಿಲು ತೆಗೆದ ಮೇಲೆಯೇ ಹೊರಗೆ ಹೋದದ್ದು.” ಅತ್ತೆಯವರು ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ಬಗ್ಗಿ ನೋಡಿದರು. “ಇದು ಬೆಕ್ಕಿನದ್ದಲ್ಲ. ಮರಪಟ್ಟಿ ಬಂದದ್ದು. ಚಿಲಕ ಹಾಕಿರಲಿಲ್ಲವಾ ನೀನು?” ಎಂದರು. ಮಲಯಾಳದಲ್ಲಿ ಮರಪಟ್ಟಿ ಎನ್ನುವ ಈ ಪುನುಗಿನ ಜಾತಿಯ ಪ್ರಾಣಿ ರಾತ್ರಿ ಹೊತ್ತು ತೆಂಗು, ಮಾಡುಗಳ ಮೇಲೆ ಓಡಾಡುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಕೋಳಿಯನ್ನು ತೆಂಗಿನ ಬುಡದಲ್ಲಿ ಹೂಳಿದೆವು. ಮಿನ್ನು ಎರಡು ದಿನ ಮನೆಗೆ ಬರಲಿಲ್ಲ. ಆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ. ಕೊಂದದ್ದು ಮರಪಟ್ಟಿ, ಅದು ಅದರ ಹಸಿವು. ಬಾಗಿಲು ತೆರೆದಿಟ್ಟದ್ದು ನಾನು. ಏಟು ಬಿದ್ದದ್ದು ನಿರಪರಾಧಿಗೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗ ನಾವು ದೊಡ್ಡ ತಪ್ಪುಗಳನ್ನೇ ಹುಡುಕುತ್ತೇವೆ. ಹಾಕದ ಒಂದು ಚಿಲಕ, ಕೇಳದೆ ಹೊರಿಸಿದ ಒಂದು ಆರೋಪ ನೆನಪಿಗೆ ಬರುವುದಿಲ್ಲ. ಮನೆಯಲ್ಲಿ ಏನಾದರೂ ಒಡೆದರೆ ಮೊದಲು ಬೈಗುಳ ತಿನ್ನುವ ಮಗು ಯಾರೆಂದು ಆಮೇಲೆ ಯೋಚಿಸಿದೆ. ನಮ್ಮಲ್ಲೂ ಹಾಗೊಬ್ಬನಿದ್ದಾನೆ.

ಮೂರನೇ ದಿನ ಮಿನ್ನು ಅಡುಗೆಮನೆಯ ಹಿಂಬಾಗಿಲಿಗೆ ಬಂದು ಕೂಗಿತು. ಯಾರೂ ಮಾತಾಡಲಿಲ್ಲ. ನಮ್ಮವರು ತಮ್ಮ ತಟ್ಟೆಯ ಬಂಗುಡೆಯನ್ನು ಪೂರ್ತಿ ಅದರ ಮುಂದಿಟ್ಟರು.

ಸಾಕುವ ಮನಸ್ಸಿದ್ದವರಿಗೆ

ಪ್ರಿಯ ಓದುಗರೇ, ಇಂತಹ ಕೋಳಿಗಳನ್ನು ತರುವ ಮನಸ್ಸಿದ್ದರೆ ನಾವು ಪೆಟ್ಟು ತಿಂದು ಕಲಿತ ಕೆಲವು ವಿಷಯಗಳನ್ನು ಮೊದಲೇ ತಿಳಿದಿರಿ.

ಗೂಡು: ಕೋಳಿಯೊಂದಕ್ಕೆ ಕನಿಷ್ಠ ನಾಲ್ಕು ಚದರ ಅಡಿ ಜಾಗವಿರಲಿ. ತೆಳು ಬಲೆ ಸಾಲದು, ಅರ್ಧ ಇಂಚು ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿಯೇ ಬೇಕು. ಮಳೆಗಾಲದಲ್ಲಿ ನೆಲ ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಆದ್ದರಿಂದ ನೆಲವನ್ನು ಎತ್ತರಿಸಿ, ಮರದ ಹೊಟ್ಟು ಹಾಕಿ, ಒದ್ದೆಯಾದಾಗ ಬದಲಿಸಿ. ಕಂಬಿಗೂಡಿನ ಕೋಳಿಗೆ ಸಂಜೆಯಾದರೆ ಗೂಡು ಸೇರಬೇಕೆಂದು ತಿಳಿಯದು. ಕೆಲವು ದಿನ ಎತ್ತಿ ಒಳಗಿಡಬೇಕು.

ಆಹಾರ: ಹಠಾತ್ತಾಗಿ ಬದಲಿಸಬೇಡಿ. ಮೊದಲು ತಿನ್ನುತ್ತಿದ್ದ ಆಹಾರವನ್ನೇ ದಿನಕ್ಕೆ 110ರಿಂದ 120 ಗ್ರಾಂನಂತೆ ಕೊಡಿ. ಎಡೆಬಿಡದೆ ಮೊಟ್ಟೆ ಇಟ್ಟು ಇವುಗಳ ಎಲುಬಿನ ಸುಣ್ಣ ಕರಗಿರುತ್ತದೆ, ಕಾಲು ಸುಲಭವಾಗಿ ಮುರಿಯುತ್ತದೆ. ಮರುವಾಯಿ ಚಿಪ್ಪನ್ನು ಪುಡಿಮಾಡಿ ಬೇರೆ ಪಾತ್ರೆಯಲ್ಲಿ ಇಡಿ. ಎತ್ತುವಾಗ ಕಾಲು ಹಿಡಿದು ತೂಗಾಡಿಸದೆ, ಎರಡೂ ಕೈಯಿಂದ ಎತ್ತಿ.

ಬೆಕ್ಕು: ಎರಡು ವಾರ ಜಾಲರಿಯ ಮೂಲಕ ಪರಿಚಯವಾಗಲಿ. ಹೊಟ್ಟೆ ತುಂಬಿದ ಬೆಕ್ಕನ್ನು ಮಾತ್ರ ಹತ್ತಿರ ಬಿಡಿ, ದೊಡ್ಡವರೊಬ್ಬರು ಜತೆಗಿರಿ. ಮರಿಗಳಿದ್ದರೆ ಬೆಕ್ಕನ್ನು ಎಂದಿಗೂ ನಂಬಬೇಡಿ. ಬೆಕ್ಕು ಕಚ್ಚಿದ ಗಾಯ ಚಿಕ್ಕದೆಂದು ಬಿಡಬಾರದು. ಅದರ ಬಾಯಿಯ ರೋಗಾಣು ಕೋಳಿಯ ಪ್ರಾಣ ತೆಗೆಯಬಹುದು, ಕೂಡಲೇ ವೈದ್ಯರಿಗೆ ತೋರಿಸಿ. ಮೀನು ಕೊಯ್ಯುವಾಗಲೂ ಜಾಗ್ರತೆ. ಈಗ ನಮ್ಮಲ್ಲಿ ಕರಿಯನ ಪಾಲಿನ ಮೀನಿನ ತಲೆಯನ್ನು ಕೋಳಿಯೇ ಕಿತ್ತುಕೊಂಡು ಓಡುತ್ತದೆ!

ಆರೋಗ್ಯ: ರಾಣಿಖೇತ ರೋಗದ ಲಸಿಕೆ ಆಗಿದೆಯೇ ಎಂದು ಕೇಳಿ ತಿಳಿಯಿರಿ. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈತೊಳೆಯಲಿ. ಬೆಕ್ಕಿನ ಮಲ ಬೀಳುವ ಜಾಗದಲ್ಲಿ ಕೋಳಿ ಕೆದಕದಂತೆ ನೋಡಿ, ಗರ್ಭಿಣಿಯರು ಅದನ್ನು ಬರಿಗೈಯಲ್ಲಿ ತೆಗೆಯಬಾರದು. ಹಕ್ಕಿಜ್ವರ ನಮಗೆ ಹೊಸತಲ್ಲ, 2014ರಲ್ಲಿ ಆಲಪ್ಪುಳದಲ್ಲಿ ಬಂದದ್ದು ನೆನಪಿರಬಹುದು. ಅದು ಬೆಕ್ಕಿಗೂ ತಗಲುತ್ತದೆ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲೇ ಅದು ಕಂಡುಬಂದಿತ್ತು. ಹಸಿ ಕೋಳಿಮಾಂಸ, ಕರುಳು ಬೆಕ್ಕಿಗೆ ಹಾಕಬೇಡಿ. ಕೋಳಿಗಳು ಒಮ್ಮೆಲೇ ಸತ್ತರೆ ಮುಟ್ಟದೆ, ಮೃಗಾಸ್ಪತ್ರೆಗೆ ತಿಳಿಸಿ.

ಮೊಟ್ಟೆಯ ಲೆಕ್ಕ ಹಾಕಿ ತರಬೇಡಿ. ಕೆಲವು ದಿನ ಸಿಗುತ್ತದೆ, ಕೆಲವು ವಾರ ಇಲ್ಲ. ಎಷ್ಟು ಆರೈಕೆ ಮಾಡಿದರೂ ಕೆಲವು ಕೋಳಿಗಳು ಬೇಗನೆ ಸಾಯುತ್ತವೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಅಂಕದ ಹುಂಜಗಳು

ನಮ್ಮ ಕಾಸರಗೋಡಿನಲ್ಲಿ ಪಾರಾಗಿ ಬರುವ ಇನ್ನೊಂದು ಬಗೆಯ ಕೋಳಿಯುಂಟು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಕೋಳಿ ಅಂಕ ಅಪರಾಧ. ಪೊಲೀಸರು ದಾಳಿ ಮಾಡಿದಾಗ ಹಣದೊಂದಿಗೆ ಹುಂಜಗಳೂ ಠಾಣೆ ಸೇರುತ್ತವೆ. ಕೇಸಿನ ಸೊತ್ತಾದ್ದರಿಂದ ಪೊಲೀಸರೇ ಕಾಳು-ನೀರು ಕೊಟ್ಟು ನೋಡಿಕೊಂಡು, ಕೋರ್ಟಿನ ಆದೇಶದಂತೆ ಏಲಂ ಮಾಡುವುದು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಏಲಂನಲ್ಲಿ ಕೊಂಡವರ ಮನೆಯಲ್ಲಿ ಅದಕ್ಕೆ ಕಾದಿರುವುದು ಮಸಾಲೆಯೋ ಮತ್ತೊಂದು ಅಂಕವೋ ದೇವರೇ ಬಲ್ಲ. ಅಂಥದ್ದನ್ನು ಸಾಕಲೆಂದೇ ಕೊಂಡು ತರುವವರು ಬೇರೆ ಹುಂಜಗಳಿಂದ ದೂರ, ಒಂಟಿಗೂಡಿನಲ್ಲಿ ಇಡಬೇಕು. ಅಲ್ಲಿ ಕಾಪಾಡಬೇಕಾದದ್ದು ಹುಂಜವನ್ನಲ್ಲ, ಬೆಕ್ಕನ್ನು! ಅದರ ಕಾಲಿನ ಮುಳ್ಳು ಬೆಕ್ಕಿನ ಕಣ್ಣನ್ನೇ ತೆಗೆದೀತು.

ಹಸಿದವರಿರುವಾಗ ಕೋಳಿಗೆ ಕಾಳೇ?

ಈ ಪ್ರಶ್ನೆಯನ್ನು ನಮ್ಮ ವಾಳೆಯ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ 2415ರಿಂದ 2418ರ ವರೆಗಿನ ಸಂಖ್ಯೆಗಳಲ್ಲಿ ಇದನ್ನು ತೂಗಿ ಹೇಳುತ್ತದೆ. ಆಹಾರಕ್ಕೆ, ಬಟ್ಟೆಗೆ ಪ್ರಾಣಿಗಳನ್ನು ಬಳಸುವುದು ತಪ್ಪಲ್ಲ. ಆದರೆ ಅವುಗಳಿಗೆ ನಾವು ದಯೆ ತೋರಲೇಬೇಕು. ವೃಥಾ ನೋಯಿಸುವುದು ಮಾನವ ಘನತೆಗೆ ತಕ್ಕದ್ದಲ್ಲ. ಹಾಗೆಯೇ ಬಡವರ ಕಷ್ಟ ನೀಗಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸಲ್ಲದು. ಸಂತ ಫ್ರಾನ್ಸಿಸ್ ಅಸ್ಸಿಸಿ ಮತ್ತು ಸಂತ ಫಿಲಿಪ್ ನೇರಿಯವರ ಮೃದುತ್ವವನ್ನು ಅದೇ ಭಾಗ ನೆನಪಿಸುತ್ತದೆ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಬಡವರ ಕೂಗನ್ನೂ ಭೂಮಿಯ ಕೂಗನ್ನೂ ಒಟ್ಟಿಗೇ ಕೇಳಬೇಕೆಂದರು.

ಆ ಹಿರಿಯರಿಗೆ ನಾನು ವಾದ ಹೇಳಲಿಲ್ಲ. ಮೊಟ್ಟೆ ಸಿಕ್ಕಿದ ವಾರ ಅದರಲ್ಲಿ ಅರ್ಧ, ನಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬ ಅಜ್ಜಿಗೆ ಹೋಗುತ್ತದೆ. ಕೊಂಡುಹೋಗುವವರು ಮಕ್ಕಳು. ಮೊದಲು ಆ ಮನೆಯ ಮುಂದೆಯೇ ನಾವು ಹಾದುಹೋಗುತ್ತಿದ್ದೆವು, ಒಳಗೆ ಹೋದದ್ದು ಕಡಿಮೆ.

ಜೆರುಸಲೇಮನ್ನು ನೋಡಿ ಮರುಗಿದ ಪ್ರಭು ಯೇಸು ತಮ್ಮ ಪ್ರೀತಿಯನ್ನು ಹೋಲಿಸಿದ್ದು ಸಿಂಹಕ್ಕಲ್ಲ, ಹದ್ದಿಗಲ್ಲ. ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಹೇಂಟೆಗೆ. ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೆ. ರೆಕ್ಕೆ ಬಿಡಿಸಲು ಜಾಗವೇ ಇಲ್ಲದ ಕೋಳಿಯನ್ನು ಕಣ್ಣಾರೆ ಕಂಡ ಮೇಲೆ ಅದು ಬೇರೆಯೇ ಆಗಿ ಕೇಳಿಸುತ್ತದೆ.

ಈಗ ನಮ್ಮಲ್ಲಿರುವುದು ಮೂರು ಕೋಳಿ. ಮಧ್ಯಾಹ್ನದ ಬಿಸಿಲಿಗೆ ಅವು ದಾಸವಾಳದ ಬುಡದಲ್ಲಿ ಮಲಗಿದರೆ ಮಿನ್ನು ಒಂದು ಮಾರು ದೂರದಲ್ಲಿ ಮಲಗುತ್ತದೆ. ಗೆಳೆತನವೆಂದು ಹೇಳಲಾರೆ, ಒಂದನ್ನೊಂದು ಸಹಿಸಿಕೊಂಡಿವೆ. ಭಾನುವಾರ ಕೋಳಿ ಪದಾರ್ಥ ನಮ್ಮಲ್ಲಿ ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ. ರಾತ್ರಿಯ ಜಪಸರ ಮುಗಿದ ಮೇಲೆ ಚಿಲಕ ನೋಡಿ ಬರುವುದು ಮನೆಯ ನಿಯಮವಾಗಿದೆ. ಟಾರ್ಚ್ ಹಿಡಿದುಕೊಂಡು ನಾನು ಹೋಗುತ್ತೇನೆ. ಮಗಳು ಹಿಂದಿನಿಂದ ಬಂದು ಇನ್ನೊಮ್ಮೆ ಎಳೆದು ನೋಡುತ್ತಾಳೆ.