ಹೊಟ್ಟೆಯ ಕೊಬ್ಬು ಕೈಗೆ ಬಂದಾಗ

ಮುಷ್ಟಿ ಕಟ್ಟಿದರೆ ಹಸ್ತದ ಹಿಂಬದಿಯ ಚರ್ಮ ಗೆಣ್ಣುಗಳ ಮೇಲೆ ಬಿಗಿಯುತ್ತದೆ, ಬಿಚ್ಚಿದರೆ ಸಡಿಲಗೊಂಡು ಸುಕ್ಕಾಗುತ್ತದೆ. ಚರ್ಮಕ್ಕೂ ಅದರಡಿ ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜುಗಳಿಗೂ ನಡುವೆ ತೆಳ್ಳನೆಯ ಮೆದು ಪದರವೊಂದಿದೆ. ಈ ಜಾರಾಟ ಅದರ ಕೊಡುಗೆ. ಬೆಂಕಿಯೋ ಕಾದ ಎಣ್ಣೆಯೋ ಆಳಕ್ಕೆ ಸುಟ್ಟಾಗ ಆ ಪದರವೂ ಹೋಗುತ್ತದೆ. ಗಾಯ ಮಾಯುತ್ತದೆ, ಕಲೆ ಮಾತ್ರ ಗಡುಸಾಗಿ ರಜ್ಜುಗಳಿಗೇ ಅಂಟಿಕೊಳ್ಳುತ್ತದೆ. ಅನ್ನ ಕಲಸುವುದು, ಗುಂಡಿ ಹಾಕಿಕೊಳ್ಳುವುದು ಕೂಡ ಕಷ್ಟ.

ಕಳೆದುಹೋದ ಪದರದ ಜಾಗಕ್ಕೆ ರೋಗಿಯದೇ ಕೊಬ್ಬನ್ನು ತುಂಬುವುದು ಕೊಬ್ಬಿನ ಕಸಿ. ಜರ್ಮನಿಯ ಗುಸ್ತಾವ್ ನಾಯ್ಬರ್ 1893ರಷ್ಟು ಹಿಂದೆಯೇ ತೋಳಿನ ಕೊಬ್ಬಿನಿಂದ ಮುಖದ ಕುಳಿಬಿದ್ದ ಕಲೆಯನ್ನು ತುಂಬಿದ್ದರು. ಆದರೆ ಕಸಿಯಾದ ಕೊಬ್ಬು ಬಹುಪಾಲು ಕರಗಿಹೋಗುತ್ತಿತ್ತು. 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ರೂಪಿಸಿದ ಕ್ರಮದಿಂದ ಇದಕ್ಕೆ ಮರುಜೀವ ಬಂತು: ಹೊಟ್ಟೆ ಅಥವಾ ತೊಡೆಯಿಂದ ಸಣ್ಣ ಸಿರಿಂಜಿನಲ್ಲಿ ಮೆಲ್ಲಗೆ ಕೊಬ್ಬು ಎಳೆದು, ಯಂತ್ರದಲ್ಲಿ ತಿರುಗಿಸಿ ಎಣ್ಣೆ-ರಕ್ತ ಬೇರ್ಪಡಿಸಿ, ಮೊಂಡು ತುದಿಯ ಕೊಳವೆಯಿಂದ ಹನಿಹನಿಯಾಗಿ ಬಿಡುವುದು. ನಾಟಿ ಮಾಡುವವರು ಪೈರನ್ನು ಕಂತೆಗಟ್ಟಲೆ ಒಂದೇ ಕಡೆ ಊರುವುದಿಲ್ಲವಲ್ಲ, ಹಾಗೆ. ಹೊಸ ರಕ್ತನಾಳ ಬೆಳೆಯುವವರೆಗೆ ಕೊಬ್ಬಿನ ಕಣಗಳು ಸುತ್ತಲ ಅಂಗಾಂಶದಿಂದ ಒಸರುವ ದ್ರವದಲ್ಲೇ ಬದುಕಬೇಕು. ದೊಡ್ಡ ಉಂಡೆಯ ನಡುಭಾಗಕ್ಕೆ ಅದು ತಲುಪದು. ಎಷ್ಟೇ ಜಾಗ್ರತೆ ವಹಿಸಿದರೂ ಒಂದು ಪಾಲು ಕರಗುತ್ತದೆ. ಮತ್ತೆ ಕಸಿ ಮಾಡಬೇಕಾಗಿ ಬರುವುದು ಸಾಮಾನ್ಯ.

ಕೊಳವೆ ಒಳಗೆ ಓಡಾಡುವಾಗ ಅಂಟಿದ ಕಲೆಯೂ ಅಲ್ಲಲ್ಲಿ ಬಿಡುತ್ತದೆ. ಚರ್ಮ ಮೆತ್ತಗಾಯಿತೆಂದರೆ ಕೀರ್ತಿ ಕೊಬ್ಬಿಗೋ ಈ ಬಿಡಿಸುವಿಕೆಗೋ ಎಂಬುದು ನ್ಯಾಯವಾದ ಪ್ರಶ್ನೆ. ಲೈಪೋಸಕ್ಷನ್‌ನಲ್ಲಿ ತೆಗೆದ ಕೊಬ್ಬಿನಲ್ಲಿ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ, ಕಾಂಡಕೋಶಗಳಂಥ ಕೋಶಗಳಿವೆ ಎಂದು ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಮೇಲೆ, ಕಲೆಯನ್ನೇ ಅವು ದುರಸ್ತಿ ಮಾಡುತ್ತವೆಂಬ ಆಸೆ ಹುಟ್ಟಿತು. ಕೈಯ ಚಲನೆ ಸುಧಾರಿಸಿತೆಂಬ ವರದಿಗಳೂ ಬಂದವು. ಆದರೆ 2017ರಲ್ಲಿ ಪ್ರಕಟವಾದ, ಮಕ್ಕಳ ಹಳೆಯ ಸುಟ್ಟ ಕಲೆಗಳ ಮೇಲಿನ ಪುಟ್ಟ ಪ್ರಯೋಗವೊಂದರಲ್ಲಿ ಕಲೆಯ ಒಂದು ಭಾಗಕ್ಕೆ ಕೊಬ್ಬು, ಇನ್ನೊಂದಕ್ಕೆ ಬರಿಯ ಉಪ್ಪುನೀರು ಚುಚ್ಚಿದಾಗ ನೋಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಕಾಂಡಕೋಶದ ಹೆಸರಲ್ಲಿ ಪವಾಡ ಮಾರುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ನನಗೆ ತೋರುವಂತೆ ಕೈಯಲ್ಲಿ ಈ ಕಸಿಗೆ ಅರ್ಥವಿರುವುದು ಚಂದಕ್ಕಿಂತ ಹೆಚ್ಚಾಗಿ ಜಾರಾಟಕ್ಕೆ. ಅದಕ್ಕೂ ಮಿತಿಯಿದೆ. ಬೆರಳುಗಳು ಹಿಂದಕ್ಕೆ ಸೆಳೆದುಕೊಂಡು ಕೈ ಉಗುರುಪಂಜದಂತಾಗಿದ್ದರೆ, ಬೆರಳ ಸಂದುಗಳು ಕೂಡಿಕೊಂಡಿದ್ದರೆ, ಮೊದಲು ಕಲೆಯನ್ನು ಕತ್ತರಿಸಿ ಬಿಡಿಸಿ ಹೊಸ ಚರ್ಮ ಹೊದಿಸಬೇಕು. ಆಮೇಲೆ ಕೊಬ್ಬಿನ ಸರದಿ, ಜೊತೆಗೆ ಫಿಸಿಯೋಥೆರಪಿಯವರು ಹೇಳಿಕೊಡುವ ಬೆರಳಿನ ವ್ಯಾಯಾಮ, ತಿಂಗಳುಗಟ್ಟಲೆ.