ಸದ್ದಿಲ್ಲದ ಜೀಪು, ಗುಡುಗುವ ಆನೆ

ಬೆಳಕು ಇನ್ನೂ ಹರಿದಿಲ್ಲ. ಮಣ್ಣುಬಣ್ಣದ ದಪ್ಪ ಕಮಾನುಗಳ ಕೆಳಗೆ ಕಾಫಿ ಹಬೆಯಾಡುತ್ತಿದೆ. ಪಕ್ಕದ ಬುಟ್ಟಿಯಲ್ಲಿ ಅದ್ದಿಕೊಂಡು ತಿನ್ನಲು ಗಟ್ಟಿ ರಸ್ಕು. ಸೆಪ್ಟೆಂಬರ್ ತಿಂಗಳ ಮಧ್ಯಾಹ್ನಗಳು ಇಲ್ಲಿ ನೆತ್ತಿ ಸುಡುತ್ತವೆ. ಆದರೆ ಈ ಹೊತ್ತಿನಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಹೊದೆಯಲು ಏನಾದರೂ ಬೇಕು. ಕತ್ತಲೊಳಗಿಂದ ನೀರಾನೆಯೊಂದರ ಗುಟುರು, ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಇನ್ನೊಂದರ ಮಾರುತ್ತರ. ಚಕ್ರದಡಿ ಮರಳು ಸರಕ್ಕೆಂದಾಗಲೇ ಜೀಪು ಬಂದು ನಿಂತದ್ದು ತಿಳಿಯುವುದು.

ಸ್ಟಿಯರಿಂಗ್ ಹಿಡಿದಿದ್ದಾಕೆ ಇಳಿದು ಬಂದು ‘ಡುಮೆಲಾ’ ಎಂದು ನಮಸ್ಕಾರ ಹೇಳುತ್ತಾಳೆ. ಖಾಕಿ ಅಂಗಿ, ಕೊರಳಲ್ಲಿ ದುರ್ಬೀನು, ಯಾವ ಆತುರವೂ ಇಲ್ಲದ ಮಾತು. ನೀವೂ ಹತ್ತಿಕೊಳ್ಳಿ. ಬಲಗಡೆಯ ಸೀಟು ಹಿಡಿಯಿರಿ, ಹೋಗುವಾಗ ಹೊಳೆ ಆ ಪಕ್ಕಕ್ಕೇ ಇರುತ್ತದೆ. ನಾವಿರುವುದು ಬೋಟ್ಸ್ವಾನಾ ದೇಶದ ಉತ್ತರದ ತುದಿಯಲ್ಲಿ, ಚೋಬೆ ಹೊಳೆಯ ತೆಂಕಣ ದಂಡೆಯ ಮೇಲೆ. ಹೊಳೆ ದಾಟಿದರೆ ನಮೀಬಿಯಾ. ಜಾಂಬಿಯಾ, ಜಿಂಬಾಬ್ವೆಗಳೂ ದೂರವಿಲ್ಲ. ನಾಲ್ಕು ದೇಶಗಳು ಮೈಗೆ ಮೈ ತಾಗಿಸಿಕೊಂಡಿರುವ ಮೂಲೆ ಇದು. ರಾತ್ರಿ ಮಲಗಿದ್ದ ಮನೆ ಚೋಬೆ ಗೇಮ್ ಲಾಡ್ಜ್. 1972ರಲ್ಲಿ ಬಾಗಿಲು ತೆರೆದ ಈ ಲಾಡ್ಜು ರಾಷ್ಟ್ರೀಯ ಉದ್ಯಾನದ ಒಳಗೇ ಇದೆ. ಕಸಾನೆ ಪಟ್ಟಣದ ಹೋಟೆಲುಗಳಿಂದ ಬರುವ ಜೀಪುಗಳು ಗೇಟಿನ ಮುಂದೆ ಸಾಲು ನಿಲ್ಲುವ ಹೊತ್ತಿಗೆ ಇಲ್ಲಿ ತಂಗಿದವರು ಆಗಲೇ ಕಾಡಿನ ನಡುವೆ ಇರುತ್ತಾರೆ.

ದಾರಿಯೆಂದರೆ ಕಲಹರಿಯ ಸಡಿಲ ಮರಳು. ಗಾಡಿ ತೂಗುತ್ತ, ಜಾರುತ್ತ ಸಾಗುತ್ತದೆ. ಎಂಜಿನ್ನಿನ ಗುರ್ ಎನ್ನುವ ಸದ್ದಿಲ್ಲ, ಡೀಸೆಲ್ ವಾಸನೆಯಿಲ್ಲ. ಮೊದಮೊದಲು ಏನೋ ಕೆಟ್ಟು ನಿಂತಿದೆಯೇನೋ ಎಂಬ ಅನುಮಾನ. ಆಮೇಲೆ ಕಿವಿ ತಾನಾಗಿ ಅಗಲವಾಗುತ್ತದೆ. ಬೆಳ್ಳಕ್ಕಿಗಳ ರೆಕ್ಕೆ ಬಡಿತ, ಪೊದೆಯ ಕೆಳಗೆ ಗಿನಿಕೋಳಿಗಳ ಕಟಕಟ, ಕಾಡುಪಾರಿವಾಳದ ಬಿಡದ ಗುಟುರು, ಇಂಪಾಲಾ ಜಿಂಕೆಯೊಂದು ಒಣಹುಲ್ಲನ್ನು ಕಿತ್ತು ಅಗಿಯುವ ಸದ್ದು ಕೂಡ ಕಿವಿಗೆ ಬೀಳುತ್ತದೆ. ಪಕ್ಕದ ಬೂದುಹಸಿರು ಗಿಡಗಳಿಗೆ ಗಾಡಿಯ ಮೈ ಸವರಿದರೆ ಸಾಕು, ಔಷಧಿ ಡಬ್ಬಿ ತೆರೆದಂತೆ ಘಾಟು ಏಳುತ್ತದೆ. ಇಲ್ಲಿನವರು ಅದನ್ನು ಕಾಡುಸೇಜ್ ಎನ್ನುತ್ತಾರೆ. ಆ ಘಾಟಿನ ಹಿಂದೆಯೇ ಒದ್ದೆ ಮಣ್ಣಿನ ತಂಪು, ಅದರ ಹಿಂದೆ ಆನೆಲದ್ದಿಯ ಹುಳಿಹುಳಿ ವಾಸನೆ. 2014ರಲ್ಲಿ ಲಾಡ್ಜು ಮೊದಲ ಬ್ಯಾಟರಿ ಜೀಪನ್ನೂ ಬ್ಯಾಟರಿ ದೋಣಿಯನ್ನೂ ಕಾಡಿಗೆ ಇಳಿಸಿತು. ಹೊಗೆ ಕಡಿಮೆಯಾಗಲಿ ಎಂದು ತಂದ ಗಾಡಿ ಪ್ರವಾಸಿಗೆ ಕಿವಿಯನ್ನು ಮರಳಿ ಕೊಟ್ಟಿತು.

ಬಿಸಿಲೇರುತ್ತಿದ್ದಂತೆ ದಿಬ್ಬದ ಮೇಲಿನ ಪೊದೆಗಳ ಹಿಂದೆ ಧೂಳಿನ ಮೋಡವೊಂದು ಎದ್ದಿತು. ಗೈಡು ಗಾಡಿಯನ್ನು ದಾರಿಯಂಚಿಗೆ ಸರಿಸಿ, ಸುಮ್ಮನಿರಿ ಎಂಬಂತೆ ಅಂಗೈ ತೋರಿಸಿದಳು. ಮುಂದೆ ಮುದಿ ಹೆಣ್ಣಾನೆ, ಅದರ ಹಿಂದೆ ಮಧ್ಯಪ್ರಾಯದವು, ನಡುವೆ ಕಾಲುಗಳ ಕಾಡಿನಲ್ಲಿ ಸಿಕ್ಕಿಕೊಂಡ ಮರಿಗಳು. ನೀರಿನ ವಾಸನೆ ಹತ್ತಿದ್ದೇ ತಡ, ಇಳಿಜಾರಿನಲ್ಲಿ ಎಲ್ಲವೂ ಓಡತೊಡಗಿದವು. ಅಷ್ಟು ಭಾರದ ಮೈಗಳು ಪಕ್ಕದಲ್ಲೇ ಹಾದುಹೋದರೂ ಹೆಜ್ಜೆಯ ಸದ್ದು ಬಹಳ ಮೆತ್ತಗೆ. ಅಂಗಾಲಿನ ಕೊಬ್ಬಿನ ಮೆತ್ತೆ ಅದನ್ನು ನುಂಗುತ್ತದೆ. ಆದರೆ ಇನ್ನೊಂದು ಸದ್ದಿತ್ತು. ಆಳದಿಂದ ಹೊರಳಿ ಬರುವ ಗುಡುಗು, ಕಿವಿಗಿಂತ ಮೊದಲು ಎದೆಗೂಡಿಗೆ ತಾಗುವಂಥದ್ದು. ಹೊಟ್ಟೆ ಗುಡುಗುಟ್ಟುತ್ತಿದೆ ಅನ್ನಿಸಿದರೂ ಅದು ಗಂಟಲಿನ ಮಾತು. ಆನೆಗಳು ತಮ್ಮತಮ್ಮಲ್ಲಿ ಹೀಗೆ ಮಾತಾಡಿಕೊಳ್ಳುತ್ತವೆ. ಅದರ ಬಹುಪಾಲು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ ಶ್ರುತಿ, ಕಿಲೋಮೀಟರುಗಟ್ಟಲೆ ಆಚೆಗಿರುವ ಇನ್ನೊಂದು ಆನೆಗೆ ಕೇಳಿಸುತ್ತದೆ. ಗುರುಗುಟ್ಟುವ ಜೀಪಿನಲ್ಲಿ ಕುಳಿತವರಿಗೆ ಇಷ್ಟೂ ದಕ್ಕುವುದಿಲ್ಲ. ನೀರಂಚಿನಲ್ಲಿ ದೊಡ್ಡವು ಸೊಂಡಿಲು ತುಂಬಿ ಬಾಯಿಗೆ ಸುರಿದುಕೊಳ್ಳುತ್ತಿದ್ದರೆ, ಸೊಂಡಿಲು ಬಳಸಲು ಇನ್ನೂ ಕಲಿಯದ ಮರಿಯೊಂದು ಮೊಣಕಾಲೂರಿ ಬಾಯಿಯನ್ನೇ ನೀರಿಗಿಟ್ಟಿತು.

ಇಷ್ಟೊಂದು ಆನೆಯೇ ಎಂದು ಬೆರಗಾಗುವುದು ಸಹಜ. ಆಫ್ರಿಕಾದ ಐದು ದೇಶಗಳು ಗಡಿ ಮರೆತು ಒಟ್ಟಾಗಿ 2022ರಲ್ಲಿ ವಿಮಾನದಿಂದ ಆನೆ ಎಣಿಸಿದಾಗ ಸಿಕ್ಕ ಅಂದಾಜು ಸುಮಾರು 2,28,000. ಅದರಲ್ಲಿ ಬೋಟ್ಸ್ವಾನಾ ಒಂದರಲ್ಲೇ ಸುಮಾರು 1,32,000. ಭಾರತದಲ್ಲಿ ಆನೆಗೆ ಹೆಸರಾದ ನಮ್ಮ ಕರ್ನಾಟಕದಲ್ಲಿ 2023ರ ಗಣತಿಯ ಲೆಕ್ಕ 6,395. ಕಬಿನಿ ಹಿನ್ನೀರಿನ ಬೇಸಗೆಯ ಆನೆಜಾತ್ರೆ ನೋಡಿದ ಕಣ್ಣಿಗೂ ಚೋಬೆಯ ದಂಡೆ ದಂಗುಬಡಿಸುತ್ತದೆ.

ಆದರೆ ಆನೆಗಳ ಮೇಲಿಂದ ಕಣ್ಣು ಎತ್ತಿ ದಿಬ್ಬ ನೋಡಿ. ತೊಗಟೆ ಕಳಚಿದ, ಬೆಳ್ಳಗೆ ಒಣಗಿದ ಮರಗಳು ನಿಂತಲ್ಲೇ ಸತ್ತಿವೆ. ಅವುಗಳ ಕೆಳಗೆ ಕುಳ್ಳ ಪೊದೆಗಳ ರಾಜ್ಯ. ಆನೆಗಳು ಕಾಡು ತಿಂದು ಮುಗಿಸಿದವು ಎಂದು ಬೈಯುವವರಿದ್ದಾರೆ. ಈ ದಂಡೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಂತದ ಬೇಟೆಗಾರರು ಇಲ್ಲಿನ ಆನೆಗಳನ್ನು ಹೆಚ್ಚುಕಡಿಮೆ ತೊಡೆದುಹಾಕಿದ್ದರು. 1896ರ ಸುಮಾರಿಗೆ ಬಂದ ದೊಡ್ಡರೋಗ ದನ, ಕಾಡೆಮ್ಮೆ, ಜಿಂಕೆಗಳನ್ನು ಸಾಲುಸಾಲಾಗಿ ಕೆಡವಿತು. ಮೇಯುವ ಬಾಯಿಗಳೇ ಇಲ್ಲದ ಆ ಬಿಡುವಿನಲ್ಲಿ ಸಸಿಗಳು ಎದ್ದು ದೊಡ್ಡ ಮರಗಳಾದವು. ಆನೆಗಳು ಮರಳಿ ಬಂದಾಗ ಆ ಮರಗಳು ಉರುಳಿದವು. ಈಗ ಸಾಯುತ್ತಿರುವುದು ಆನೆಯಿಲ್ಲದ ಕಾಲ ಬೆಳೆಸಿದ ಕಾಡು. ಇದನ್ನು ಕೇಳಿದ ಮೇಲೆ ಒಣಮರದ ತುದಿಯಲ್ಲಿ ಕುಳಿತ ಮೀನುಹದ್ದು ತಲೆ ಹಿಂದಕ್ಕೆ ಎಸೆದು ಕೂಗುವುದು ಅಷ್ಟೊಂದು ಶೋಕದ್ದಾಗಿ ಕೇಳುವುದಿಲ್ಲ.

ಹೊತ್ತು ಹತ್ತಾದಾಗ ಹಿಂತಿರುಗಿದೆವು. ಹುಲ್ಲುಹಾಸಿನ ಮೇಲೆ ಕೋರೆಯ ಕಾಡುಹಂದಿಯೊಂದು ಮುಂಗಾಲು ಮಡಿಚಿ ಮೇಯುತ್ತಿತ್ತು. ಪಟ್ಟೆ ಮುಂಗುಸಿಗಳ ದಂಡೊಂದು ಚಿಲಿಪಿಲಿಗುಟ್ಟುತ್ತ ಕೋಣೆಗಳ ಮುಂದೆ ಹಾದುಹೋಯಿತು. ಕೋಣೆಗಳ ಸೊಗಸಿಗೆ ಕೊರತೆಯಿಲ್ಲ. ಹಾಲಿವುಡ್ಡಿನ ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್ 1975ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದು ಎರಡನೆಯ ಸಲ ಒಬ್ಬರನ್ನೊಬ್ಬರು ಮದುವೆಯಾದ ಕಥೆಯನ್ನು ಈಗಲೂ ಹೇಳುತ್ತಾರೆ. ಹೊಳೆಯಂಚಿನಲ್ಲಿ ಕಾಲು ಕಿಲೋಮೀಟರ್ ಉದ್ದದ ಮರದ ಅಟ್ಟಣಿಗೆ, ಅದರ ಮೇಲೆ ಅಲ್ಲಲ್ಲಿ ಮೆತ್ತೆಯ ಆಸನ. ಇದೆಲ್ಲ ಫೋಟೊಗಳಲ್ಲಿ ಸಿಗುತ್ತದೆ. ಫೋಟೊದಲ್ಲಿ ಸಿಗದ್ದು ಹಿತ್ತಲು. ಬನ್ನಿ, ಅಡುಗೆಮನೆಯ ಹಿಂಬಾಗಿಲಿನಿಂದ ಹೋಗೋಣ. ಕೇಳಿದ ಅತಿಥಿಗಳಿಗೆ ಅದನ್ನು ತೋರಿಸುತ್ತಾರೆ.

ಇಲ್ಲಿ ಪರಿಮಳವಿಲ್ಲ. ಹುಳಿತ ಅನ್ನ, ಕಲ್ಲಂಗಡಿ ಸಿಪ್ಪೆ, ಮೊಟ್ಟೆಚಿಪ್ಪು ಬೇರೆಬೇರೆ ಬಕೆಟ್ಟುಗಳಲ್ಲಿ ಬಿಸಿಲಿಗೆ ಗಬ್ಬು ನಾರುತ್ತಿವೆ. ಕೈಗವಸು ಹಾಕಿದ ಕೆಲಸಗಾರರು ಮುಸುರೆಯನ್ನು ಬಯೋಗ್ಯಾಸ್ ಘಟಕದ ಬಾಯಿಗೆ ಸುರಿಯುತ್ತಾರೆ. ಅದು ಅನಿಲವಾಗಿ ಒಲೆಗೇ ಮರಳುತ್ತದೆ. ಖಾಲಿ ಬಾಟಲಿಗಳು ಯಂತ್ರದೊಳಗೆ ಪುಡಿಪುಡಿಯಾಗುವ ಗಲಾಟೆ ಒಂದು ಕಡೆ. ಆ ಗಾಜಿನ ಪುಡಿ ಸಿಮೆಂಟಿನ ಜೊತೆ ಸೇರಿ ಇಟ್ಟಿಗೆಯಾಗುತ್ತದೆ. ಡಬ್ಬಗಳು ಚಪ್ಪಟೆಯಾಗಿ ಕಟ್ಟುಕಟ್ಟಾಗಿ ಕೂತಿವೆ. ಸ್ನಾನದ, ಬಟ್ಟೆ ಒಗೆದ ನೀರು ಸೋಸಿಕೊಂಡು ತೋಟಕ್ಕೆ ಹರಿಯುತ್ತದೆ. ಕಾಡಿನ ನಡುವೆ ಕಸ ಎಸೆಯಲು ‘ಆಚೆ’ ಎಂಬುದೇ ಇಲ್ಲ; ಎಸೆದದ್ದು ಬಬೂನುಗಳ ಕೈಗೋ ಹೊಳೆಗೋ ಸೇರುತ್ತದೆ. ಹಾಗಾಗಿ ದಿನವೂ ಮಾಡಲೇಬೇಕಾದ, ಯಾರೂ ಚಪ್ಪಾಳೆ ತಟ್ಟದ ದುಡಿಮೆ ಇದು.

ಇಳಿಹೊತ್ತಿಗೆ ದೋಣಿ. ಅದರ ಮೋಟಾರೂ ಬ್ಯಾಟರಿಯದೇ. ನೀರು ಸೀಳುವ ಚಳಚಳವೊಂದೇ ಕೇಳಿಸುತ್ತದೆ. ದಂಡೆಯ ಮಣ್ಣಿನ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿದೆ. ಕಡುಗೆಂಪು ಕಳ್ಳಿಪೀರಗಳು ನೀರ ಮೇಲೆ ಬಾಗಿ ಹುಳ ಹಿಡಿದು ಏಳುತ್ತಿವೆ. ಮುಂದೆ ಮರವೇ ಇಲ್ಲದ ಬಟಾಬಯಲು ದ್ವೀಪ, ಅದರ ಮೇಲೆ ಒಂಟಿ ಬಾವುಟ. ಇದು ಸೆಡುಡು. ನಮೀಬಿಯಾದವರಿಗೆ ಕಸಿಕಿಲಿ. ವರ್ಷದಲ್ಲಿ ಕೆಲವು ತಿಂಗಳು ಮುಳುಗಿಯೇ ಇರುವ ಈ ಹುಲ್ಲುಗಾವಲಿಗಾಗಿ ಎರಡು ದೇಶಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋದವು. 1999ರ ಡಿಸೆಂಬರಿನಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಯಿತು. ಆನೆಗಳಿಗೆ ತೀರ್ಪಿನ ಹಂಗಿಲ್ಲ. ನಮ್ಮ ಕಣ್ಣೆದುರೇ ಒಂದು ಹಿಂಡು ನೀರಿಗಿಳಿದು, ಮೈ ಪೂರ್ತಿ ಮುಳುಗಿಸಿ, ಸೊಂಡಿಲುಗಳನ್ನಷ್ಟೇ ಮೇಲೆತ್ತಿ ಈಜತೊಡಗಿತು. ಮರಿಯನ್ನು ನಡುವೆ ಇಟ್ಟುಕೊಂಡು ಎರಡು ದೊಡ್ಡವು ಹರಿವಿಗೆ ಅಡ್ಡ ನಿಂತಂತೆ ಸಾಗಿದವು. ದೋಣಿ ನಡೆಸುತ್ತಿದ್ದಾಕೆ ದೂರದಲ್ಲೇ ತಡೆದು ನಿಂತು ಅವು ದಾಟುವವರೆಗೆ ಕಾದಳು. ಲಾಡ್ಜಿನ ಗೈಡುಗಳ ತಂಡದಲ್ಲಿ ಇರುವವರೆಲ್ಲ ಹೆಂಗಸರೇ. ಚೋಬೆ ಏಂಜಲ್ಸ್ ಎಂದೇ ಅವರಿಗೆ ಹೆಸರು. ಗಂಡಸರ ಕಸುಬು ಎಂದು ಜಗತ್ತೇ ನಂಬಿದ್ದ ಕೆಲಸದಲ್ಲಿ ಅವರ ಕೈ ಎಷ್ಟು ಪಳಗಿದೆಯೆಂಬುದು ಆ ಕಾಯುವಿಕೆಯಲ್ಲೇ ಕಾಣುತ್ತಿತ್ತು.

ರಾತ್ರಿ ಊಟಕ್ಕೆ ವಿಲಾಯತಿ ಭಕ್ಷ್ಯಗಳ ಜೊತೆ ಬೋಟ್ಸ್ವಾನಾದ ಮನೆಯಡುಗೆಯೂ ಇತ್ತು. ಜೋಳದ ಹಿಟ್ಟಿನ ಬೊಗೊಬೆ, ಅಲಸಂದೆ ಎಲೆಯ ಮೊರೊಗೊ, ಉಪ್ಪು ಮಾತ್ರ ಹಾಕಿ ಬೇಯಿಸಿ ಕುಟ್ಟಿದ ಮಾಂಸದ ಸೆಸ್ವಾ. ಬೊಗೊಬೆಯನ್ನು ಸೊಪ್ಪಿನಲ್ಲಿ ಅದ್ದಿ ತಿನ್ನುವಾಗ ಪಕ್ಕದ ಮೇಜಿನಲ್ಲಿ ಬೇರೆ ದೇಶದವರು ಮೀನು ಕೊಯ್ಯುತ್ತಿದ್ದರು, ಅಟ್ಟಣಿಗೆಯ ಕೆಳಗೆ ನೀರಾನೆ ಹುಲ್ಲು ಕೊಯ್ಯುತ್ತಿತ್ತು.

ಹೊಗಳಿಕೆಯ ಜೊತೆಗೆ ಲೆಕ್ಕವನ್ನೂ ಹೇಳಬೇಕು. ಇಂಥ ಲಾಡ್ಜಿನ ಒಂದು ರಾತ್ರಿಯ ಬೆಲೆ ನಮ್ಮ ಮಧ್ಯಮ ವರ್ಗದ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಬೆಂಗಳೂರಿನಿಂದ ಇಲ್ಲಿಗೆ ಹಾರಿ ಬರುವ ವಿಮಾನದ ಹೊಗೆಯನ್ನು ಬ್ಯಾಟರಿ ಜೀಪು ಅಳಿಸಲಾರದು. ಬೋಟ್ಸ್ವಾನಾದ ಮುಖ್ಯ ವಿದ್ಯುತ್ ಸ್ಥಾವರವಾದ ಮೊರುಪುಲೆಯಲ್ಲಿ ಉರಿಯುವುದು ಕಲ್ಲಿದ್ದಲೇ. ಉದ್ಯಾನದ ಅಂಚಿನ ಹಳ್ಳಿಗಳಲ್ಲಿ ಆನೆ ನುಗ್ಗಿ ಹೊಲ ಹಾಳಾಗುತ್ತದೆ. ಕೊಡಗು, ಹಾಸನದ ರೈತರಿಗೆ ಆ ನೋವನ್ನು ವಿವರಿಸಿ ಹೇಳಬೇಕಿಲ್ಲ. ಕಾಡು ಉಳಿಯಬೇಕಾದರೆ ಪ್ರವಾಸದ ಹಣ ಆ ಹಳ್ಳಿಗಳಿಗೆ ಸಂಬಳವಾಗಿ, ಪಾಲಾಗಿ ತಲುಪಬೇಕು. ಅಷ್ಟಿಲ್ಲದ ‘ಹಸಿರು’ ಬರೀ ಬಣ್ಣ.

ಆದ್ದರಿಂದ ಚೋಬೆಗೇ ಹೋಗಿ, ಕಬಿನಿಗೇ ಹೋಗಿ, ಕೋಣೆ ಕಾದಿರಿಸುವ ಮುನ್ನ ಮೂರು ಪ್ರಶ್ನೆ ಕೇಳಿ: ನಿಮ್ಮ ಕರೆಂಟು ಎಲ್ಲಿಂದ ಬರುತ್ತದೆ, ನಿಮ್ಮ ಮುಸುರೆ ಎಲ್ಲಿಗೆ ಹೋಗುತ್ತದೆ, ನಿಮ್ಮಲ್ಲಿ ಸಂಬಳ ಪಡೆಯುವವರು ಯಾವ ಊರಿನವರು? ಉತ್ತರ ಹೇಳಲು ತಡವರಿಸುವ ಜಾಗಕ್ಕೆ ನಿಮ್ಮ ಹಣ ಕೊಡಬೇಡಿ. ಹಿತ್ತಲು ತೋರಿಸುತ್ತೇವೆ ಬನ್ನಿ ಎನ್ನುವ ಕಡೆ ಹೋಗಿ ತಂಗಿ.